ಪ್ರಹ್ಲಾದನ ಬೆನ್ನಿಗೆ ಪರಶುರಾಮ

2025ರ ಜುಲೈ 25ರಂದು ‘ಮಹಾವತಾರ ನರಸಿಂಹ’ ತೆರೆಗೆ ಬಂದಾಗ ಅದರಲ್ಲಿ ಮುಖ ತೋರಿಸುವ ಒಬ್ಬ ತಾರೆಯೂ ಇರಲಿಲ್ಲ. ತೆರೆಯ ಮೇಲಿದ್ದವರೆಲ್ಲ ಕಂಪ್ಯೂಟರಿನಲ್ಲಿ ಹುಟ್ಟಿದ ಬೊಂಬೆಗಳು. ನಿರ್ದೇಶಕ ಅಶ್ವಿನ್ ಕುಮಾರ್ ಅವರಿಗೆ ಅದು ಮೊದಲ ಪೂರ್ಣಪ್ರಮಾಣದ ಚಿತ್ರ. ತಯಾರಿಸಿದ್ದು ಕ್ಲೀಂ ಪ್ರೊಡಕ್ಷನ್ಸ್, ಅರ್ಪಿಸಿದ್ದು ನಮ್ಮ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂದ ಈ ಚಿತ್ರಕ್ಕೆ ಮೊದಲ ದಿನ ದೊಡ್ಡ ಸದ್ದೇನೂ ಇರಲಿಲ್ಲ. ಆಮೇಲೆ ಬಾಯಿಂದ ಬಾಯಿಗೆ ಮಾತು ಹರಡಿತು. ಅಜ್ಜ ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ಬಂದರು. ಚಿತ್ರಮಂದಿರದ ಬಾಗಿಲಲ್ಲಿ ಜನ ಚಪ್ಪಲಿ ಬಿಟ್ಟು ಒಳಗೆ ಹೋದದ್ದು ಸುದ್ದಿಯಾಯಿತು. ಗಳಿಕೆ 300 ಕೋಟಿ ರೂಪಾಯಿ ದಾಟಿ, ಭಾರತದ ಅನಿಮೇಷನ್ ಚಿತ್ರಗಳಲ್ಲೇ ಅತಿ ಹೆಚ್ಚು ಗಳಿಸಿದ್ದು ಎನಿಸಿಕೊಂಡಿತು. ಅದು ಒಂದೇ ಚಿತ್ರವಾಗಿ ನಿಲ್ಲುವುದಿಲ್ಲವೆಂದು ಬಿಡುಗಡೆಗೆ ಮೊದಲೇ ಸಾರಿದ್ದರು. 2027ಕ್ಕೆ ಪರಶುರಾಮ, 2029ಕ್ಕೆ ರಘುನಂದನ, 2031ಕ್ಕೆ ದ್ವಾರಕಾಧೀಶ, 2033ಕ್ಕೆ ಗೋಕುಲಾನಂದ, ಕೊನೆಗೆ 2035 ಮತ್ತು 2037ಕ್ಕೆ ಎರಡು ಭಾಗಗಳಲ್ಲಿ ಕಲ್ಕಿ. ಹನ್ನೆರಡು ವರ್ಷಗಳ ಪಂಚಾಂಗವನ್ನು ಒಂದೇ ಸಲ ಬರೆದಿಟ್ಟ ಹಾಗೆ. ಹೀಗಾಗಿ ನರಸಿಂಹನನ್ನು ಕಂಡು ಮೆಚ್ಚಿದವರ ಬಾಯಲ್ಲಿ ಈಗ ಉಳಿದಿರುವುದು ಒಂದೇ ಪ್ರಶ್ನೆ: ಮುಂದಿನದು ಇದರಷ್ಟು ಚೆನ್ನಾಗಿರುತ್ತದೆಯೇ?

ಪ್ರಶ್ನೆ ಸಹಜವಾದದ್ದೇ. ಆದರೆ ಅದರೊಳಗೆ ಒಂದು ತಪ್ಪು ಅಳತೆಗೋಲು ಅಡಗಿದೆ. ‘ಇದರಷ್ಟು’ ಎನ್ನುವಾಗ ಮೊದಲ ಚಿತ್ರವನ್ನು ಸೇರು ಮಾಡಿಕೊಂಡು ಎರಡನೆಯದನ್ನು ಅದರಲ್ಲಿ ಅಳೆಯುತ್ತೇವೆ. ಕಂಬ ಒಡೆದ ಹಾಗೆ ಇಲ್ಲಿಯೂ ಏನಾದರೂ ಒಡೆಯಬೇಕು, ಮೈ ಜುಮ್ಮೆಂದ ಹಾಗೆ ಇಲ್ಲಿಯೂ ಅನ್ನಿಸಬೇಕು. ತಯಾರಿಸುವವರೂ ಅದೇ ಅಳತೆಗೆ ಒಗ್ಗಿಕೊಂಡರೆ ಮೊದಲಿನದರ ದೊಡ್ಡ ನಕಲೊಂದು ಸಿಗುತ್ತದೆಯೇ ಹೊರತು ಇನ್ನೊಂದು ಒಳ್ಳೆಯ ಚಿತ್ರ ಸಿಗುವುದಿಲ್ಲ. ಮೊದಲ ಚಿತ್ರ ಕೇಳದೆ ಬಿಟ್ಟ, ಅಥವಾ ಅದರ ಚೌಕಟ್ಟಿನಲ್ಲಿ ಕೇಳಲು ಸಾಧ್ಯವೇ ಇಲ್ಲದಿದ್ದ ಒಂದು ಪ್ರಶ್ನೆಯನ್ನು ಎರಡನೆಯದು ಕೇಳಿತೇ ಎಂಬುದು ನಿಜವಾದ ಅಳತೆ. ಹಾಗೆ ಕೇಳಿದ ಉತ್ತರಭಾಗಗಳು ಬಾಳಿವೆ, ಕೇಳದವು ಮಂಕಾಗಿವೆ. ಕನ್ನಡಿಗರಿಗೆ ಇದು ಹೊಸ ಸಂಗತಿಯೂ ಅಲ್ಲ. ನಮ್ಮ ಪುರಾಣಗಳೂ ನಮ್ಮ ಗುಡಿಯ ಗೋಡೆಗಳೂ ಮುಂದಿನ ಕಥೆಯನ್ನು ಕಟ್ಟುವ ಬಗೆಯನ್ನು ಬಹಳ ಹಿಂದೆಯೇ ಕಂಡುಕೊಂಡಿವೆ.

‘ಮಹಾವತಾರ ನರಸಿಂಹ’ವನ್ನು ಮೂಲ ಚಿತ್ರ ಎಂದು ಕರೆಯುವುದೇ ಕನ್ನಡದ ಮಟ್ಟಿಗೆ ಅರ್ಧ ಸತ್ಯ. 1983ರ ‘ಭಕ್ತ ಪ್ರಹ್ಲಾದ’ ನಮ್ಮ ನೆನಪಿನಲ್ಲಿ ಗಟ್ಟಿಯಾಗಿ ಕೂತಿದೆ. ವಿಜಯ್ ನಿರ್ದೇಶನದ ಆ ಚಿತ್ರದಲ್ಲಿ ಹಿರಣ್ಯಕಶಿಪುವಾಗಿ ರಾಜ್‌ಕುಮಾರ್, ಪ್ರಹ್ಲಾದನಾಗಿ ಆಗಿನ್ನೂ ಮಾಸ್ಟರ್ ಲೋಹಿತ್ ಎನಿಸಿಕೊಂಡಿದ್ದ ಪುನೀತ್, ಕಯಾದುವಾಗಿ ಸರಿತಾ, ನಾರದನಾಗಿ ಅನಂತನಾಗ್. ತಂದೆ ಮಗನ ಪಾತ್ರಗಳಲ್ಲಿ ನಿಜವಾದ ತಂದೆ ಮಗನೇ ಎದುರುಬದುರು ನಿಂತಿದ್ದ ಆ ಚಿತ್ರವನ್ನು ಕಂಡ ಮನೆಗಳಲ್ಲಿ ಹಿರಣ್ಯಕಶಿಪು ಎಂದರೆ ಇಂದಿಗೂ ಆ ಗದೆ, ಆ ನಡಿಗೆ, ಆ ಮಾತಿನ ಏರಿಳಿತ. ಅದಕ್ಕೂ ಹಿಂದೆ ಕಂಪನಿ ನಾಟಕ, ಅದಕ್ಕೂ ಹಿಂದೆ ಹರಿಕಥೆ, ಬಯಲುಸೀಮೆಯ ಮೂಡಲಪಾಯ, ಕರಾವಳಿಯ ಮೇಳ. ಇಷ್ಟೆಲ್ಲ ಪ್ರಹ್ಲಾದರನ್ನು ಕಂಡವರ ಮುಂದೆ 2025ರಲ್ಲಿ ಮತ್ತೊಬ್ಬ ಪ್ರಹ್ಲಾದ ಬಂದು ಗೆದ್ದನೆಂದರೆ, ಕಥೆ ಹೊಸದೆಂದು ಗೆದ್ದದ್ದಲ್ಲ. ಮನುಷ್ಯ ನಟರು ಎಷ್ಟೇ ದೊಡ್ಡವರಾದರೂ ಮಾಡಿ ತೋರಿಸಲಾಗದ ಕೆಲವನ್ನು ಬೊಂಬೆಗಳು ತೋರಿಸಿದವು. ಕಡಲಿನ ಆಳದಿಂದ ಭೂದೇವಿಯನ್ನು ಕೋರೆಯ ಮೇಲೆ ಎತ್ತುವ ವರಾಹನ ಗಾತ್ರ. ಅರ್ಧ ಮನುಷ್ಯ, ಅರ್ಧ ಸಿಂಹವಾದ ಮೈಯೊಂದು ಮುಖವಾಡದ ಹಂಗಿಲ್ಲದೆ ಉಸಿರಾಡುವ ಬಗೆ. ರಾಜ್‌ಕುಮಾರ್ ಅವರ ಹಿರಣ್ಯಕಶಿಪುವಿನ ಮಾತಿನ ಹತ್ತಿರಕ್ಕೂ ಈ ಬೊಂಬೆಯ ಮಾತು ಬರುವುದಿಲ್ಲ. ಸಾಮಾನ್ಯ ದೃಶ್ಯಗಳಲ್ಲಿ ಪಾತ್ರಗಳ ಮುಖ ಬಿಗಿದುಕೊಂಡಂತೆ, ನಡಿಗೆ ತುಸು ತೂಕವಿಲ್ಲದಂತೆ ಕಾಣುವುದೂ ನಿಜ. ಆದರೂ ಕೊನೆಯ ಭಾಗದಲ್ಲಿ ಅದು ತನ್ನದೇ ಜಾಗವೊಂದನ್ನು ಗಳಿಸಿಕೊಂಡಿತು. ಮೂಲವೆಂದು ನಾವು ಕರೆಯುತ್ತಿರುವುದೂ ಒಂದು ಮುಂದುವರಿಕೆಯೇ. ಹಿಂದಿನವರು ಬಿಟ್ಟ ಜಾಗವನ್ನು ಗುರುತಿಸಿ ಅಲ್ಲಿ ಕಾಲೂರಿದ್ದರಿಂದಲೇ ಅದು ನಿಂತಿತು.

ಪುರಾಣವನ್ನೇ ನೋಡೋಣ. ಭಾಗವತದ ಪ್ರಕಾರ ವೈಕುಂಠದ ಬಾಗಿಲು ಕಾಯುವ ಜಯ ವಿಜಯರು ಸನಕಾದಿಗಳ ಶಾಪದಿಂದ ಮೂರು ಸಲ ಅಸುರ ಸ್ವಭಾವದಲ್ಲಿ ಹುಟ್ಟುತ್ತಾರೆ: ಮೊದಲು ಹಿರಣ್ಯಾಕ್ಷ ಹಿರಣ್ಯಕಶಿಪು, ಆಮೇಲೆ ರಾವಣ ಕುಂಭಕರ್ಣ, ಕೊನೆಗೆ ಶಿಶುಪಾಲ ದಂತವಕ್ತ್ರ. ವೈರಿಗಳೂ ಅವರೇ, ಕೊಲ್ಲುವವನೂ ಅವನೇ. ಇಂದಿನ ಸಿನಿಮಾ ಭಾಷೆಯಲ್ಲಿ ಹೇಳುವುದಾದರೆ ಮೂರು ಭಾಗಗಳ ಸರಣಿ. ಆದರೆ ಒಂದು ಭಾಗದ ಒಗಟು ಇನ್ನೊಂದರಲ್ಲಿ ಇಲ್ಲ. ಹಿರಣ್ಯಕಶಿಪು ಮನುಷ್ಯನಿಂದಲ್ಲ, ಮೃಗದಿಂದಲ್ಲ, ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ ಎಂದು ವರದ ಬೇಲಿ ಕಟ್ಟಿಕೊಂಡವನು. ಅಲ್ಲಿನ ಒಗಟು ಆ ಬೇಲಿಯ ಸಂದು ಯಾವುದು ಎಂಬುದು. ರಾವಣ ತನ್ನ ವರದಲ್ಲಿ ಮನುಷ್ಯನನ್ನು ಲೆಕ್ಕಕ್ಕೇ ಹಿಡಿಯದವನು. ಅಲ್ಲಿನ ಒಗಟು ಸಂದಿಯದ್ದಲ್ಲ, ತಾತ್ಸಾರದ್ದು. ಶಿಶುಪಾಲನ ನೂರು ತಪ್ಪುಗಳನ್ನು ಎಣಿಸುತ್ತ ಕೂರುವ ಕೃಷ್ಣನ ಕಥೆಯಲ್ಲಿ ವರವೇ ಮುಖ್ಯವಲ್ಲ, ತಾಳ್ಮೆಯ ಗಡಿ ಮುಖ್ಯ. ಒಂದೇ ಜೋಡಿಯನ್ನು ಮೂರು ಸಲ ಕೊಲ್ಲಿಸಿಯೂ ಬೇಸರ ಬಾರದ ಹಾಗೆ ಕಥೆ ಕಟ್ಟಿದವರಿಗೆ, ಮರಳಿ ಬರುವ ಪಾತ್ರ ಮರಳಿ ಅದೇ ಕಷ್ಟಕ್ಕೆ ಸಿಕ್ಕಬಾರದೆಂಬುದು ಗೊತ್ತಿತ್ತು.

ಇದೇ ತಿಳಿವಳಿಕೆ ಕಲ್ಲಿನಲ್ಲಿ ಕಾಣಬೇಕೆಂದರೆ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಬೇಕು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಮಂಟಪದ ಹೊರಗೋಡೆಯಲ್ಲಿ ಸಾಲಾಗಿ 140 ಫಲಕಗಳು. ದಕ್ಷಿಣದ ಗೋಡೆಯಲ್ಲಿ 70 ಫಲಕಗಳ ರಾಮಾಯಣ. ಉತ್ತರದ ಗೋಡೆಯಲ್ಲಿ 25 ಫಲಕಗಳಲ್ಲಿ ಕೃಷ್ಣನ ಕಥೆ, ಉಳಿದ 45ರಲ್ಲಿ ಮಹಾಭಾರತ. ಒಂದು ಚೌಕದಿಂದ ಮುಂದಿನ ಚೌಕಕ್ಕೆ ಕಣ್ಣು ಜಾರಿದಂತೆ ಕಥೆ ಚಲಿಸುತ್ತದೆ. ಅನಿಮೇಷನ್ ಮಾಡುವವರು ಇಂದು ಚಿತ್ರ ಶುರುಮಾಡುವ ಮುನ್ನ ಗೋಡೆಗೆ ಸಾಲಾಗಿ ಅಂಟಿಸಿಕೊಳ್ಳುವ ಸ್ಟೋರಿಬೋರ್ಡಿಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಇದರಲ್ಲಿ ಒಂದು ವಿಶೇಷವುಂಟು. ರಾಮಾಯಣದ ಫಲಕಗಳು ಸಾಗುವುದು ಅಪ್ರದಕ್ಷಿಣವಾಗಿ, ನಮ್ಮ ಗುಡಿಗಳಲ್ಲಿ ಅಪರೂಪವಾದ ದಿಕ್ಕಿನಲ್ಲಿ. ಉತ್ತರದ ಕಥೆಗಳು ಸಾಗುವುದು ಪ್ರದಕ್ಷಿಣವಾಗಿ. ಹಾಗೆ ಏಕೆ ಮಾಡಿದರೆಂಬುದಕ್ಕೆ ಶಿಲ್ಪಶಾಸ್ತ್ರ ಬಲ್ಲವರು ತಮ್ಮ ಕಾರಣ ಹೇಳಿಯಾರು. ನೋಡುವವನ ಮೇಲೆ ಆಗುವ ಪರಿಣಾಮವಂತೂ ಸ್ಪಷ್ಟ: ಒಂದು ಕಥೆಗೆ ನಡೆದ ಹಾಗೆ ಇನ್ನೊಂದಕ್ಕೆ ನಡೆಯಲಾಗುವುದಿಲ್ಲ. ಗೋಡೆ ಒಂದೇ, ಉಳಿಯ ಕೈವಾಡ ಒಂದೇ, ದೇವರೂ ಒಬ್ಬನೇ, ಆದರೂ ಕಾಲು ಬೇರೆ ದಿಕ್ಕಿಗೆ ತಿರುಗಬೇಕು. ಉತ್ತರಭಾಗವೊಂದು ಪ್ರೇಕ್ಷಕನಿಂದ ಬೇಡಬೇಕಾದದ್ದನ್ನು ಆ ಶಿಲ್ಪಿಗಳು ನಮ್ಮ ಕಾಲಿನಿಂದಲೇ ಮಾಡಿಸಿಬಿಟ್ಟಿದ್ದಾರೆ.

ಹಾಗೆ ದಿಕ್ಕು ತಿರುಗದೆ ಕೆಟ್ಟ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. 2005ರ ಅಕ್ಟೋಬರಿನಲ್ಲಿ ವಿ.ಜಿ. ಸಾಮಂತ್ ನಿರ್ದೇಶನದ ‘ಹನುಮಾನ್’ ಬಂತು. ಕೈಯಿಂದ ಬರೆದ ಚಿತ್ರಗಳ ಆ ಅನಿಮೇಷನ್ ಇಂದಿನ ಕಣ್ಣಿಗೆ ಸರಳವಾಗಿ ಕಂಡೀತು; ಆದರೆ ಭಾರತದಲ್ಲೇ ತಯಾರಾದ ಪೂರ್ಣ ಅನಿಮೇಷನ್ ಚಿತ್ರವೊಂದನ್ನು ಚಿತ್ರಮಂದಿರದಲ್ಲಿ ದುಡ್ಡು ಕೊಟ್ಟು ನೋಡಬಹುದೆಂದು ಈ ದೇಶದ ಅಪ್ಪ ಅಮ್ಮಂದಿರಿಗೆ ಮನವರಿಕೆ ಮಾಡಿದ್ದು ಅದೇ. ಅಂಜನಾದ್ರಿಯ ಕೆಳಗೆ ಬೆಳೆದ ಕನ್ನಡಿಗರಿಗಂತೂ ಅದು ಪಕ್ಕದ ಮನೆಯ ಹುಡುಗನ ಕಥೆ. ಅದರ ಜೀವ ಒಂದು ಪ್ರಶ್ನೆಯಲ್ಲಿತ್ತು: ತನ್ನ ಬಲವನ್ನೇ ಮರೆತವನಿಗೆ ಅದನ್ನು ಯಾರು ನೆನಪಿಸುತ್ತಾರೆ, ಯಾವ ಕೆಲಸಕ್ಕಾಗಿ? ಎರಡೇ ವರ್ಷಕ್ಕೆ, 2007ರ ಡಿಸೆಂಬರಿನಲ್ಲಿ, ಅನುರಾಗ್ ಕಶ್ಯಪ್ ನಿರ್ದೇಶನದಲ್ಲಿ ‘ರಿಟರ್ನ್ ಆಫ್ ಹನುಮಾನ್’ ಬಂತು. ಹನುಮಂತ ಈಗಿನ ಕಾಲದಲ್ಲಿ ಮಾರುತಿಯೆಂಬ ಶಾಲೆಯ ಹುಡುಗನಾಗಿ ಹುಟ್ಟುತ್ತಾನೆ. ಸ್ವರ್ಗವೇ ಒಂದು ಕಚೇರಿಯಂತೆ, ದೇವತೆಗಳೇ ತಮಾಷೆಯ ಪಾತ್ರಗಳಂತೆ. ಚುರುಕಾದ ಕಲ್ಪನೆಗಳು ಅಲ್ಲಲ್ಲಿ ಇದ್ದವು, ಬಣ್ಣವೂ ಚಲನೆಯೂ ಮೊದಲಿನದಕ್ಕಿಂತ ಲವಲವಿಕೆಯವು. ಮೇಲ್ನೋಟಕ್ಕೆ ಇದು ನನ್ನ ವಾದಕ್ಕೆ ವಿರುದ್ಧವಾದ ಸಾಕ್ಷಿ, ಏಕೆಂದರೆ ಇಲ್ಲಿ ಕಾಲ, ಊರು, ಧಾಟಿ ಎಲ್ಲವನ್ನೂ ಬದಲಾಯಿಸಿದ್ದರು. ಬದಲಾಗಬೇಕಾದ್ದು ಮಾತ್ರ ಬದಲಾಗಿರಲಿಲ್ಲ. ಮಾರುತಿಗೆ ತನ್ನ ಬಲ ಗೊತ್ತು. ಅದನ್ನು ಬಳಸಲು ಅಡ್ಡಿಯಾಗುವ ಒಳಗಿನ ಕಷ್ಟವೊಂದೂ ಅವನಿಗಿಲ್ಲ. ಎದುರಾದವರನ್ನು ಹೊಡೆಯುವುದಷ್ಟೇ ಉಳಿಯುತ್ತದೆ. ಅಂಗಿ ಹೊಸದಾಯಿತು, ಒಗಟು ಹುಟ್ಟಲಿಲ್ಲ. ಮೊದಲ ಚಿತ್ರವನ್ನು ಇಂದಿಗೂ ನೆನೆಯುವ ಎಷ್ಟೋ ಮನೆಗಳಲ್ಲಿ ಎರಡನೆಯದು ನೆನಪಿಗೇ ಬಾರದಿರುವುದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ.

ಅನಿಮೇಷನ್ನಿನಲ್ಲಿ ಈ ಅಪಾಯ ಬೇರೆ ಚಿತ್ರಗಳಿಗಿಂತ ಹೆಚ್ಚು. ಕಾರಣ ಕೆಲಸದ ಸ್ವರೂಪದಲ್ಲೇ ಇದೆ. ಕಂಪ್ಯೂಟರ್ ಅನಿಮೇಷನ್ನಿನಲ್ಲಿ ಒಂದು ಪಾತ್ರ ಅಲುಗಾಡುವ ಮುನ್ನ ಅದರ ಮೈಯನ್ನು ಮೂರು ಆಯಾಮಗಳಲ್ಲಿ ಕಡೆದು, ಒಳಗೆ ಮೂಳೆಗೂಡಿನಂಥ ಒಂದು ಜೋಡಣೆ ಇಟ್ಟು, ಯಾವ ಕೀಲು ಎಷ್ಟು ಬಾಗಬೇಕು, ಹುಬ್ಬು ಎಷ್ಟು ಏರಬೇಕು ಎಂದು ಕಟ್ಟಬೇಕು. ಇದಕ್ಕೆ ರಿಗ್ಗಿಂಗ್ ಎನ್ನುತ್ತಾರೆ. ತೊಗಲುಬೊಂಬೆಯ ಕಲಾವಿದ ಕೈ ಕಾಲುಗಳನ್ನು ಬೇರೆ ಬೇರೆ ಕತ್ತರಿಸಿ ದಾರದಿಂದ ಪೋಣಿಸಿ ಕಡ್ಡಿ ಕಟ್ಟುವುದರ ಮುಂದುವರಿದ ರೂಪ ಇದು. ಆಮೇಲೆ ಚರ್ಮದ ಬಣ್ಣ, ಕೂದಲು, ಬಟ್ಟೆಯ ಮಡಿಕೆ, ಬೆಳಕು. ತಿಂಗಳುಗಟ್ಟಲೆ ಹಿಡಿಯುವ ಈ ಕೆಲಸ ಒಮ್ಮೆ ಮುಗಿದರೆ ಅರಮನೆ, ಕಾಡು, ಸೈನಿಕರ ಗುಂಪು, ಎಲ್ಲವೂ ಉಗ್ರಾಣದಲ್ಲಿ ಭದ್ರ. ಎರಡನೆಯ ಚಿತ್ರಕ್ಕೆ ಅವನ್ನೇ ಇಳಿಸಿಕೊಳ್ಳಬಹುದು. ಖರ್ಚು ಉಳಿಯುತ್ತದೆ, ವೇಳೆ ಉಳಿಯುತ್ತದೆ, ಜೊತೆಗೆ ಆ ಉಗ್ರಾಣದಲ್ಲಿ ಏನಿದೆಯೋ ಅದಕ್ಕೆ ತಕ್ಕ ಕಥೆ ಹೆಣೆಯುವ ಆಸೆಯೂ ಹುಟ್ಟುತ್ತದೆ. ಅಮೆರಿಕದ ಡಿಸ್ನಿ ಸಂಸ್ಥೆ ತೊಂಬತ್ತರ ದಶಕದಲ್ಲಿ ತನ್ನ ಹೆಸರಾಂತ ಚಿತ್ರಗಳಿಗೆ ಮನೆಯಲ್ಲೇ ನೋಡುವ ವಿಡಿಯೊಗಾಗಿ ಅಗ್ಗದ ಉತ್ತರಭಾಗಗಳನ್ನು ಒಂದರ ಹಿಂದೊಂದು ತಯಾರಿಸಿತು. 1995ರ ‘ಟಾಯ್ ಸ್ಟೋರಿ’ಯ ಎರಡನೆಯ ಭಾಗವನ್ನೂ ಮೊದಲು ಹಾಗೆಯೇ ಯೋಚಿಸಿದ್ದರು. ಆಮೇಲೆ ಚಿತ್ರಮಂದಿರಕ್ಕೆಂದು ತೀರ್ಮಾನವಾಗಿ, ಆದ ಕೆಲಸ ಸಾಲದೆಂದು ಪಿಕ್ಸಾರ್‌ನವರು ಬಿಡುಗಡೆಗೆ ಸುಮಾರು ಒಂಬತ್ತು ತಿಂಗಳಿರುವಾಗ ಕಥೆಯನ್ನು ಬಿಚ್ಚಿ ಮತ್ತೆ ಕಟ್ಟಿದರು. ಮೊದಲ ಚಿತ್ರದ ಆಟಿಕೆಗೆ ಇದ್ದ ಹೆದರಿಕೆ, ಹೊಸ ಆಟಿಕೆ ಬಂದರೆ ನನ್ನ ಜಾಗ ಹೋದೀತು ಎಂಬುದು. 1999ರ ಎರಡನೆಯ ಚಿತ್ರ ಅದೇ ಆಟಿಕೆಯನ್ನು ಬೇರೊಂದು ಕವಲಿನಲ್ಲಿ ನಿಲ್ಲಿಸಿತು: ಮಗು ಒಂದು ದಿನ ಬೆಳೆದು ನಿನ್ನನ್ನು ಮರೆಯುತ್ತದೆ, ಮುರಿಯುವ ತನಕ ಪ್ರೀತಿಯಲ್ಲಿ ಇರುತ್ತೀಯೋ, ಮುರಿಯದ ಹಾಗೆ ಗಾಜಿನ ಪೆಟ್ಟಿಗೆ ಸೇರುತ್ತೀಯೋ? ಬೊಂಬೆಗಳು ಅವೇ, ಪ್ರಶ್ನೆ ಮಾತ್ರ ಇನ್ನೂ ಆಳದ್ದು. ಉತ್ತರಭಾಗ ಮೂಲವನ್ನು ಮೀರಿಸಿತು ಎಂದು ಹೇಳಬಹುದಾದ ಅಪರೂಪದ ಚಿತ್ರಗಳಲ್ಲಿ ಅದೂ ಒಂದು.

ಗಾತ್ರವೇ ಸಾಕು ಎನ್ನುವವರೂ ಇದ್ದಾರೆ. ಜನ ಬರುವುದು ವೈಭವಕ್ಕೆ. ಇನ್ನೂ ದೊಡ್ಡ ಯುದ್ಧ, ಇನ್ನೂ ದೊಡ್ಡ ಸದ್ದು ಕೊಟ್ಟರೆ ತೃಪ್ತಿಯಿಂದ ಹೋಗುತ್ತಾರೆ ಎಂಬುದು ಅವರ ಮಾತು. ಸಾಕ್ಷಿಯಾಗಿ ಚೀನಾದ ‘ನೆಜಾ 2’ ಸಿಗುತ್ತದೆ. 2025ರ ಜನವರಿ 29ರಂದು ಬಿಡುಗಡೆಯಾದ ಆ ಚಿತ್ರ 200 ಕೋಟಿ ಡಾಲರ್ ದಾಟಿದ ಮೊದಲ ಅನಿಮೇಷನ್ ಚಿತ್ರ. ಸುಮಾರು 4000 ಮಂದಿ ದುಡಿದಿದ್ದರು, ಕೆಲಸ ಹಂಚಿಕೊಂಡದ್ದು ನೂರಕ್ಕೂ ಹೆಚ್ಚು ಸಂಸ್ಥೆಗಳು. ನಮ್ಮ ನರಸಿಂಹನಂತೆ ಅದೂ ಪುರಾಣದ ಕಥೆ, ಅದರಲ್ಲೂ ಮಗುವೇ ನಾಯಕ. ಆದರೆ ಅದರ ಗಾತ್ರವನ್ನು ಮಾತ್ರ ನೋಡಿದವರು ಅರ್ಧ ನೋಡಿದಂತೆ. 2019ರ ಮೊದಲ ಚಿತ್ರ ಕೇಳಿದ್ದು, ಕೆಡುಕಿನ ಬೀಜದಿಂದ ಹುಟ್ಟಿದ ಮಗು ಕೆಟ್ಟದ್ದೇ ಆಗಬೇಕೇ ಎಂದು. ಎರಡನೆಯದು ಬೊಟ್ಟನ್ನು ತಿರುಗಿಸಿತು: ಹುಟ್ಟಿನಿಂದ ಕೆಟ್ಟವರೆಂದು ಹಣೆಪಟ್ಟಿ ಹಚ್ಚುವ ಮೇಲಿನವರು ತಾವೆಷ್ಟು ಒಳ್ಳೆಯವರು? ಮೊದಲ ಚಿತ್ರದಲ್ಲಿ ಅನುಮಾನವಿಲ್ಲದೆ ಒಪ್ಪಿಕೊಂಡಿದ್ದ ದೇವಲೋಕದ ನ್ಯಾಯವನ್ನೇ ಕಟಕಟೆಗೆ ತಂದಿದ್ದರಿಂದ ಆ ಯುದ್ಧಗಳ ಗಾತ್ರಕ್ಕೆ ಅರ್ಥ ಬಂತು.

ಇಷ್ಟು ಹೇಳಿದ ಮೇಲೆ ಪರಶುರಾಮನ ಕಡೆಗೆ ಬರಬಹುದು. ದಶಾವತಾರದ ಪಟ್ಟಿಯಲ್ಲಿ ನರಸಿಂಹನ ಮುಂದಿನವನು ವಾಮನ. ಚಿತ್ರಸರಣಿ ವಾಮನನನ್ನು ದಾಟಿ ನೇರ ಪರಶುರಾಮನಿಗೆ ಹೋಗುತ್ತದೆ. ಬಲಿಯು ಪ್ರಹ್ಲಾದನ ಮೊಮ್ಮಗನಾದ್ದರಿಂದ ವಾಮನನ ಕಥೆ ನರಸಿಂಹನಿಗೆ ರಕ್ತಸಂಬಂಧದ ಮುಂದುವರಿಕೆ. ಅದನ್ನು ಬಿಟ್ಟದ್ದು ನಷ್ಟವೇ. ಆದರೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಅವರು ಆರಿಸಿಕೊಂಡ ಕಥೆ ಮೊದಲ ಚಿತ್ರಕ್ಕೆ ಕನ್ನಡಿಯೊಳಗಿನ ಬಿಂಬದಂತೆ ಎಡಬಲ ತಿರುಗಿ ನಿಲ್ಲುತ್ತದೆ. ಪ್ರಹ್ಲಾದ ತಂದೆಯ ಮಾತು ಮೀರಿದ ಮಗ. ಮೀರಿದ್ದಕ್ಕೆ ದೇವರು ಕಂಬದಿಂದ ಬಂದ. ಪರಶುರಾಮ ತಂದೆಯ ಮಾತು ಮೀರದ ಮಗ. ಜಮದಗ್ನಿ ಹೇಳಿದ್ದಕ್ಕೆ ಕೊಡಲಿ ಎತ್ತಿ ತಾಯಿ ರೇಣುಕೆಯ ತಲೆ ಕಡಿದ. ಅಣ್ಣಂದಿರು ಒಲ್ಲೆವೆಂದರು, ಇವನೊಬ್ಬ ಎದುರಾಡಲಿಲ್ಲ. ತಂದೆಯಾದರೂ ಸರಿ, ತಪ್ಪು ಹೇಳಿದರೆ ಕೇಳಬೇಡ ಎಂದು ಮಕ್ಕಳಿಗೆ 2025ರಲ್ಲಿ ಹೇಳಿದ ಸರಣಿ, 2027ರಲ್ಲಿ ಅದೇ ಮಕ್ಕಳ ಮುಂದೆ ತಂದೆಯ ಮಾತಿಗೆ ತಾಯಿಯನ್ನು ಕೊಂದವನನ್ನು ಅವತಾರವೆಂದು ನಿಲ್ಲಿಸಬೇಕು. ಮೊದಲ ಚಿತ್ರದ ಯಶಸ್ಸಿನ ಸೂತ್ರ ಇಲ್ಲಿ ನಡೆಯುವುದೇ ಇಲ್ಲ. ಮುಗ್ಧ ಮಗು, ದುಷ್ಟ ತಂದೆ, ಕೊನೆಯಲ್ಲಿ ಸಿಡಿಯುವ ದೇವರು ಎಂಬ ನೇರ ಗೆರೆ ಈ ಕಥೆಯಲ್ಲಿಲ್ಲ. ಸಿಡಿಯುವವನೂ ಮಗನೇ, ಮೊದಲು ಬಲಿಯಾದವಳು ತಪ್ಪು ಮಾಡಿದಳೋ ಇಲ್ಲವೋ ಎಂದು ಇಂದಿಗೂ ಜನ ಮಾತಾಡಿಕೊಳ್ಳುವ ತಾಯಿ.

ಕನ್ನಡನಾಡಿನಲ್ಲಿ ಈ ಪರೀಕ್ಷೆ ಇನ್ನೂ ಕಠಿಣ. ಬೇರೆ ಕಡೆ ಪರಶುರಾಮ ಎಂದರೆ ಇಪ್ಪತ್ತೊಂದು ಬಾರಿ ಕ್ಷತ್ರಿಯರನ್ನು ಸವರಿದ ವೀರ. ನಮ್ಮಲ್ಲಿ ಈ ಕಥೆಯ ನಡುವೆ ಇರುವವಳು ತಾಯಿ. ಸವದತ್ತಿಯ ಗುಡ್ಡದ ಎಲ್ಲಮ್ಮನೂ ಸೊರಬ ತಾಲ್ಲೂಕು ಚಂದ್ರಗುತ್ತಿಯ ರೇಣುಕಾಂಬೆಯೂ ಲಕ್ಷಾಂತರ ಜನರ ಮನೆದೇವರು. ಚೌಡಿಕೆ ಮೀಟುತ್ತ ಎಲ್ಲಮ್ಮನನ್ನು ಹಾಡುವವರು ಕಥೆಯನ್ನು ಹೇಳುವುದು ಕೊಡಲಿ ಹಿಡಿದವನ ಕಡೆಯಿಂದಲ್ಲ, ಕೊಡಲಿ ಬಿದ್ದವಳ ಕಡೆಯಿಂದ. ತಲೆ ಕಡಿಸಿಕೊಂಡವಳು ಗುಡಿ ಕಟ್ಟಿಸಿಕೊಂಡು ಪೂಜೆಗೊಳ್ಳುತ್ತಿರುವ ನಾಡಿಗೆ, ಕಡಿದವನ ಶೌರ್ಯವನ್ನಷ್ಟೇ ಹಾಡುವ ಚಿತ್ರ ತಂದರೆ ಅದು ಇಲ್ಲಿನವರಿಗೆ ಗೊತ್ತಿರುವುದಕ್ಕಿಂತ ಕಡಿಮೆ ಹೇಳಿದಂತಾಗುತ್ತದೆ. 1977ರ ‘ಬಬ್ರುವಾಹನ’ದಲ್ಲಿ ತಾಯಿಯ ಮರ್ಯಾದೆಗಾಗಿ ತಂದೆಯ ಎದುರೇ ಬಿಲ್ಲು ಹಿಡಿದ ಮಗನನ್ನು ಕಂಡು ಚಪ್ಪಾಳೆ ತಟ್ಟಿದ ಪ್ರೇಕ್ಷಕವರ್ಗ ಇದು. ಪ್ರಹ್ಲಾದ, ಬಬ್ರುವಾಹನ, ಪರಶುರಾಮ: ತಂದೆ ಮಕ್ಕಳ ಮೂರು ಬಗೆ ನಮ್ಮ ನೆನಪಿನಲ್ಲಿ ಪಕ್ಕಪಕ್ಕದಲ್ಲೇ ಇವೆ. ಹೊಸ ಚಿತ್ರವನ್ನು ಕನ್ನಡಿಗರು ತೂಗುವುದು ‘ನರಸಿಂಹ’ದ ಪಕ್ಕದಲ್ಲಿ ಮಾತ್ರವಲ್ಲ, ಈ ಮೂವರ ಸಾಲಿನಲ್ಲಿ.

ಈಗ ಒಂದು ಗಟ್ಟಿಯಾದ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಭಕ್ತಿಯ ಲೋಕದಲ್ಲಿ ಮತ್ತೆ ಮತ್ತೆ ಅದೇ ನಡೆಯುವುದು ದೋಷವೇ ಅಲ್ಲ ಎಂಬುದು ಆ ಆಕ್ಷೇಪ. ಅಜ್ಜಂಪುರದ ಹತ್ತಿರ ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆ ಪ್ರತಿ ವರ್ಷ ನಡೆಯುತ್ತದೆ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳ್ಳಿಗಳಿಂದ ಎತ್ತಿನ ಗಾಡಿಗಳು ಧೂಳೆಬ್ಬಿಸುತ್ತ ಓಡಿ ಬರುತ್ತವೆ. ದೇವಿ ಅವಳೇ, ದಾರಿ ಅದೇ. ಹೋದ ವರ್ಷದ ಜಾತ್ರೆಯಷ್ಟು ಇದು ಚೆನ್ನಾಗಿಲ್ಲ, ಇದರಲ್ಲಿ ಹೊಸ ಪ್ರಶ್ನೆಯೇ ಇಲ್ಲ ಎಂದು ಯಾರೂ ವಿಮರ್ಶೆ ಬರೆಯುವುದಿಲ್ಲ. ಹಾಗಿರುವಾಗ ದೇವರ ಸಿನಿಮಾಕ್ಕೆ ಮಾತ್ರ ಈ ಹೊಸತನದ ಕಟ್ಟಳೆ ಏಕೆ? ಆಕ್ಷೇಪ ಬಲವಾದದ್ದು, ‘ಮಹಾವತಾರ ನರಸಿಂಹ’ಕ್ಕೆ ಬಂದ ಜನರಲ್ಲಿ ಬಹಳ ಮಂದಿ ಜಾತ್ರೆಗೆ ಬರುವ ಮನಸ್ಸಿನಿಂದಲೇ ಬಂದವರೆಂಬುದೂ ನಿಜ. ಆದರೆ ಜಾತ್ರೆಯಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ಬರುವವನು ಪ್ರೇಕ್ಷಕನಲ್ಲ. ಗಾಡಿ ಅವನದು, ಎತ್ತು ಅವನು ಮೇಯಿಸಿ ಸಾಕಿದ್ದು. ಹೋದ ವರ್ಷ ಹೋರಿಕರುವಾಗಿದ್ದದ್ದು ಈ ವರ್ಷ ನೊಗಕ್ಕೆ ಬಂದಿರುತ್ತದೆ. ಹಗ್ಗ ಹಿಡಿಯುವ ಕೈ ಅಪ್ಪನಿಂದ ಮಗನಿಗೆ ದಾಟಿರುತ್ತದೆ. ಹರಕೆಯ ಕಾರಣವೂ ಹೊಸದು. ಜಾತ್ರೆ ಅದೇ ಆದರೂ ಅದನ್ನು ನಡೆಸುವವರ ವರ್ಷ ಬೇರೆ. ಸಿನಿಮಾ ಹಾಗಲ್ಲ. ಅದು ಒಮ್ಮೆ ಮುಗಿದ ಮೇಲೆ ಒಂದು ಚೌಕಟ್ಟೂ ಬದಲಾಗದ ವಸ್ತು. ಅದೇ ಅನುಭವ ಬೇಕೆಂದರೆ ಅದೇ ಚಿತ್ರವನ್ನು ಮತ್ತೊಮ್ಮೆ ನೋಡಬಹುದು, ಇನ್ನೊಂದನ್ನು ತಯಾರಿಸಬೇಕಾಗಿಲ್ಲ. ಸಿನಿಮಾಕ್ಕೆ ಹೋಲಿಕೆ ಬೇಕೆಂದರೆ ಜಾತ್ರೆಗಿಂತ ತಾಳಮದ್ದಳೆ ಹತ್ತಿರ. ಪ್ರಸಂಗ ಅದೇ, ಪದಗಳು ಅವೇ. ಆದರೆ ಅರ್ಥಧಾರಿ ನಿನ್ನೆ ರಾತ್ರಿ ಆಡಿದ್ದನ್ನೇ ಇಂದೂ ಆಡಿದರೆ ಕೂತವರು ಎದ್ದು ಹೋಗುತ್ತಾರೆ. ವಾಲಿಯ ವಾದಕ್ಕೆ ಇವತ್ತು ರಾಮ ಏನು ಹೇಳುತ್ತಾನೆ ಎಂದು ಕೇಳಲು ಅವರು ಬಂದಿರುತ್ತಾರೆ.

ಇದಕ್ಕಿಂತ ಸಣ್ಣದಾದರೂ ಜನ ಹೆಚ್ಚಾಗಿ ಹೇಳುವ ಮಾತೆಂದರೆ ಇದು ಮಕ್ಕಳ ಚಿತ್ರ, ಮಕ್ಕಳಿಗೆ ಇಷ್ಟೆಲ್ಲ ಸೂಕ್ಷ್ಮ ಬೇಡ ಎಂಬುದು. ಮಕ್ಕಳು ನಿಂತಲ್ಲೇ ನಿಂತಿರುವುದಿಲ್ಲ. ನರಸಿಂಹನನ್ನು ನೋಡಿದ ಎಂಟು ವರ್ಷದ ಮಗು ಪರಶುರಾಮನ ಹೊತ್ತಿಗೆ ಹತ್ತರದ್ದು, ರಘುನಂದನನ ಹೊತ್ತಿಗೆ ಹನ್ನೆರಡರದ್ದು, ಕಲ್ಕಿಯ ಎರಡನೆಯ ಭಾಗ ಬರುವಾಗ ಇಪ್ಪತ್ತರ ಯುವಕ ಅಥವಾ ಯುವತಿ. 2015ರ ‘ಇನ್‌ಸೈಡ್ ಔಟ್’ ಹನ್ನೊಂದರ ಹುಡುಗಿಯ ಮನಸ್ಸಿನೊಳಗೆ ದುಃಖಕ್ಕೂ ಜಾಗ ಬೇಕೆಂದಿತು. 2024ರ ಎರಡನೆಯ ಭಾಗದಲ್ಲಿ ಅವಳಿಗೆ ಹದಿಮೂರು ತುಂಬುತ್ತದೆ, ಆತಂಕ ಎಂಬ ಹೊಸ ಪಾತ್ರ ಮನೆ ಹೊಕ್ಕುತ್ತದೆ. ಪ್ರೇಕ್ಷಕರ ಜೊತೆಗೇ ಬೆಳೆಯುವ ಅವಕಾಶ ಮಹಾವತಾರ ಸರಣಿಗೂ ಇದೆ. ಪುರಾಣವನ್ನು ಬದಲಿಸಬಾರದು ಎನ್ನುವವರಿಗೂ ಇಲ್ಲಿ ಭಯಕ್ಕೆ ಕಾರಣವಿಲ್ಲ. ಹೊಸ ಪ್ರಶ್ನೆಯೆಂದರೆ ಹೊಸ ಘಟನೆಯಲ್ಲ. ಯಾವ ಪಾಠವನ್ನು ಆರಿಸಿಕೊಳ್ಳುತ್ತೀರಿ, ಕ್ಯಾಮೆರಾ ಯಾರ ಹೆಗಲ ಹಿಂದೆ ನಿಲ್ಲುತ್ತದೆ, ಯಾವ ಘಟನೆಗೆ ಎಷ್ಟು ನಿಮಿಷ ಕೊಡುತ್ತೀರಿ ಎಂಬುದರಲ್ಲೇ ಪ್ರಶ್ನೆ ಹುಟ್ಟುತ್ತದೆ.

ಕಾಮಧೇನುವಿನ ವಿಷಯವನ್ನೇ ತೆಗೆದುಕೊಳ್ಳಿ. ಪರಶುರಾಮನ ಕಥೆಯಲ್ಲಿ ತಾಯಿಯಷ್ಟೇ ಮುಖ್ಯವಾದದ್ದು ಜಮದಗ್ನಿಯ ಆಶ್ರಮದ ಹಸು. ಕಾರ್ತವೀರ್ಯಾರ್ಜುನ ಅದನ್ನು ಸೆಳೆದುಕೊಂಡು ಹೋದದ್ದರಿಂದಲೇ ಕೊಡಲಿ ಮತ್ತೆ ಏಳುತ್ತದೆ. ಸಾಮಾನ್ಯವಾಗಿ ಅನಿಮೇಷನ್ ಚಿತ್ರಗಳ ಹಸು ಯಾವ ಸೀಮೆಯದೂ ಅಲ್ಲದ, ದುಂಡಗಿನ ಮೈಯ, ಬಿಳಿ ಸೋಪಿನಂಥ ಪ್ರಾಣಿ. ಅಂತರಘಟ್ಟೆಯ ಸೀಮೆಯವರು ಅದನ್ನು ಒಪ್ಪುವುದು ಕಷ್ಟ. ಅಜ್ಜಂಪುರದಲ್ಲಿರುವುದು ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯಾಗಿ ಮೊದಲಾಗಿ, ಟಿಪ್ಪುವಿನಿಂದ ಅಮೃತಮಹಲ್ ಎಂದು ಹೆಸರಾಗಿ, ಮೈಸೂರಿನ ದಂಡಿನ ಫಿರಂಗಿಗಳನ್ನು ಎಳೆದ ತಳಿ ಅದು. ಬೂದು ಮೈ, ಉದ್ದನೆಯ ಮುಖ, ಹಿಂದಕ್ಕೆ ಬಾಗಿ ಮೊನಚಾದ ಕೊಂಬು, ಕಾವಲುಗಳಲ್ಲಿ ಮೇದು ಬೆಳೆದ ಬಿರುಸು. ಮೈಮೇಲೆ ಕೈಯಿಡಲು ಬಂದವನನ್ನು ನೋಡಿಕೊಳ್ಳಬಲ್ಲ ಹಸು ಹೇಗಿರುತ್ತದೆಂದು ಇಲ್ಲಿನ ಮಕ್ಕಳಿಗೆ ಗೊತ್ತು. ರಾಜನ ಸೈನ್ಯವನ್ನು ಒಬ್ಬಳೇ ಎದುರಿಸಿದ ಹಸುವಿನ ರೂಪ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಎಲ್ಲಿ ಸಿಕ್ಕೀತು? ಇದು ಅಭಿಮಾನದ ಮಾತಷ್ಟೇ ಅಲ್ಲ. ಅನಿಮೇಷನ್ನಿನಲ್ಲಿ ತಾನಾಗಿ ಬಂದದ್ದೆಂಬುದು ಏನೂ ಇಲ್ಲ. ಕೊಂಬಿನ ಬಾಗು ಕೂಡ ಒಬ್ಬರು ಕೂತು ತೀರ್ಮಾನಿಸಿದ್ದು. ಬೆಂಗಳೂರಿನ ವಿ. ರವಿಶಂಕರ್ ನಮ್ಮ ಗೋವಿನ ಹಾಡನ್ನು ಆಧರಿಸಿ ‘ಪುಣ್ಯಕೋಟಿ’ ಅನಿಮೇಷನ್ ಚಿತ್ರವನ್ನು ಜನರಿಂದಲೇ ಹಣ ಕೂಡಿಸಿ ಮಾಡಿದರು. 2020ರಲ್ಲಿ ನೋಡಲು ಸಿಕ್ಕ ಅದರ ಭಾಷೆ ಸಂಸ್ಕೃತ. ಕನ್ನಡದ ಹಸು ಅನಿಮೇಷನ್ನಿಗೆ ಹೋಗಲು ಭಾಷೆ ಬದಲಿಸಬೇಕಾಯಿತಲ್ಲ ಎಂಬ ನೋವು ಇದ್ದೇ ಇದೆ. ಮುಂದಿನ ಚಿತ್ರ ಬೆಂಗಳೂರಿನ ಸಂಸ್ಥೆಯ ಹೆಸರಿನಲ್ಲಿ ಬರುವಾಗ ಹಸುವಾದರೂ ನಮ್ಮದಾಗಿರಲಿ.

ಸರಣಿಯ ಬಗ್ಗೆ ಇನ್ನೊಂದು ಅನುಮಾನವನ್ನೂ ಹೇಳಿಬಿಡಬೇಕು. ಎರಡು ವರ್ಷಕ್ಕೊಂದು ಚಿತ್ರವೆಂಬುದು ಅನಿಮೇಷನ್ನಿಗೆ ಬಹಳ ಬಿಗಿಯಾದ ಗಡುವು. ‘ನೆಜಾ’ದ ಎರಡು ಭಾಗಗಳ ನಡುವೆ ಐದೂವರೆ ವರ್ಷ ಕಳೆದಿದೆ, ‘ಇನ್‌ಸೈಡ್ ಔಟ್’ಗೆ ಒಂಬತ್ತು. ದಿನಾಂಕ ಮೊದಲು ಗೊತ್ತಾಗಿ ಕಥೆ ಆಮೇಲೆ ಹುಟ್ಟುವ ಕಡೆ ಉಗ್ರಾಣದ ಬೊಂಬೆಗಳೇ ಕಥೆಯನ್ನು ನಡೆಸುತ್ತವೆ. ತಡವಾದರೆ ಆಗಲಿ; ಪ್ರೇಕ್ಷಕರು ಕಾಯುತ್ತಾರೆ.

ಕಾಯಲು ಕಾರಣವಾದ ದೃಶ್ಯವೊಂದಿದೆ. ಮಹಾಭಾರತದ ವನಪರ್ವದಲ್ಲಿ, ಮಗ ತನ್ನ ಮಾತು ನಡೆಸಿದ್ದಕ್ಕೆ ಮೆಚ್ಚಿದ ಜಮದಗ್ನಿ ವರ ಕೇಳು ಎನ್ನುತ್ತಾನೆ. ಪರಶುರಾಮ ತಾಯಿ ಬದುಕಲಿ ಎನ್ನುತ್ತಾನೆ. ಅದರ ಜೊತೆಗೇ, ತಾನು ಕೊಲೆಯಾದದ್ದು ಅವಳಿಗೆ ನೆನಪಿರದಿರಲಿ ಎಂದೂ ಬೇಡುತ್ತಾನೆ. ವರ ಫಲಿಸಿ ರೇಣುಕೆ ನಿದ್ದೆಯಿಂದ ಎದ್ದವಳಂತೆ ಏಳುತ್ತಾಳೆ. ಅವಳಿಗೆ ನೆನಪಿಲ್ಲ, ಅವನಿಗೆ ಇದೆ. ನಾಟಕದಲ್ಲಾದರೆ ನಟಿಯ ಮುಖದಲ್ಲಿ ಅರಿವಿಲ್ಲದೆ ಏನೋ ಒಂದು ಸುಳಿದು ಹೋದೀತು. ಅನಿಮೇಷನ್ನಿನಲ್ಲಿ ಆ ಮುಖದ ರೆಪ್ಪೆ ಎಷ್ಟು ಎತ್ತಬೇಕು, ಕಣ್ಣು ಮೊದಲು ಮಗನ ಮೋರೆಯನ್ನು ನೋಡಬೇಕೋ ಅವನ ಕೈಯ ಕೊಡಲಿಯನ್ನೋ ಎಂಬುದನ್ನು ಯಾರೋ ಒಬ್ಬರು ಕಂಪ್ಯೂಟರಿನ ಮುಂದೆ ಕೂತು, ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರಗಳ ಲೆಕ್ಕದಲ್ಲಿ, ನಿರ್ಧರಿಸಲೇಬೇಕು. ಕಂಬ ಒಡೆಸುವುದಕ್ಕಿಂತ ಕಷ್ಟದ ಕೆಲಸ ಅದು.